ಥೈರಾಯ್ಡ್ ರಿಪೋರ್ಟ್ ನಾರ್ಮಲ್, ಗಂಟಿನ ಕಥೆ ಬೇರೆ

ನನ್ನ ದೊಡ್ಡಮ್ಮನ ಮಗಳು ಒಂದು ದಿನ ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ತನ್ನ ಕುತ್ತಿಗೆಯ ಬಲಬದಿಯಲ್ಲಿ ಅಡಿಕೆ ಗಾತ್ರದ ಉಬ್ಬೊಂದನ್ನು ಕಂಡಳು. ನೀರು ನುಂಗಿದರೆ ಅದೂ ಮೇಲೇರಿ ಕೆಳಗಿಳಿಯುತ್ತಿತ್ತು. ನೋವಿರಲಿಲ್ಲ. ಊರಿನ ಡಾಕ್ಟರು ಟಿ3, ಟಿ4, ಟಿಎಸ್‌ಎಚ್ ಬರೆದುಕೊಟ್ಟರು. ಮೂರೂ ಸರಿಯಾಗಿದ್ದವು. "ಏನೂ ಇಲ್ಲಮ್ಮ, ಥೈರಾಯ್ಡ್ ನಾರ್ಮಲ್ ಇದೆ" ಎಂದರು. ಅಕ್ಕ ನೆಮ್ಮದಿಯಿಂದ ಮನೆಗೆ ಬಂದಳು. ಒಂದೂವರೆ ವರ್ಷ ಆ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದಳು. ಆ ನಡುವೆ ದಿನಕ್ಕೆ ಐದಾರು ಸಲ ಭೇದಿ ಶುರುವಾಯಿತು. ಹೊರಗಿನ ತಿಂಡಿ ಬಿಟ್ಟಳು, ಹಾಲು ಬಿಟ್ಟಳು, ದಾಳಿಂಬೆ ಸಿಪ್ಪೆಯ ಕಷಾಯ ಕುಡಿದಳು. ಕುತ್ತಿಗೆಯ ಗಂಟಿಗೂ ಹೊಟ್ಟೆಗೂ ನಂಟಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಕೊನೆಗೆ ಸಿಕ್ಕ ಹೆಸರು ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್. ಥೈರಾಯ್ಡ್ ಗ್ರಂಥಿಯ ನ್ಯೂರೋಎಂಡೋಕ್ರೈನ್ ಗಡ್ಡೆಗಳಲ್ಲಿ ಮುಖ್ಯವಾದದ್ದು ಇದೇ. ನ್ಯೂರೋಎಂಡೋಕ್ರೈನ್ ಎಂಬ ಪದ ನಮ್ಮ ಮನೆಗಳಿಗೆ ತಲುಪಿದ್ದು 2018ರ ಮಾರ್ಚ್‌ನಲ್ಲಿ, ನಟ ಇರ್ಫಾನ್ ಖಾನ್ ತಮ್ಮ ಕಾಯಿಲೆಯ ಹೆಸರು ಹೇಳಿಕೊಂಡಾಗ. ನರಕೋಶದ ಗುಣವನ್ನೂ ಹಾರ್ಮೋನು ಸ್ರವಿಸುವ ಗುಣವನ್ನೂ ಒಟ್ಟಿಗೆ ಹೊತ್ತ ಕೋಶಗಳು ನಮ್ಮ ಮೈಯಲ್ಲಿ ಕರುಳು, ಶ್ವಾಸಕೋಶ, ಮೇದೋಜೀರಕ ಗ್ರಂಥಿ ಹೀಗೆ ಹಲವು ಕಡೆ ಹರಡಿಕೊಂಡಿವೆ. ಅವುಗಳಲ್ಲಿ ಹುಟ್ಟುವ ಗಡ್ಡೆಗೆ ಆ ಹೆಸರು. ಥೈರಾಯ್ಡ್‌ನಲ್ಲೂ ಅಂಥ ಕೋಶಗಳಿವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಒಂದೇ ಗ್ರಂಥಿ, ಎರಡು ಬಗೆಯ ಕೋಶ

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಂತೆ ರೆಕ್ಕೆ ಹರಡಿ ಕೂತಿರುವ ಈ ಗ್ರಂಥಿಯ ಬಹುಪಾಲು ಕೋಶಗಳ ಕೆಲಸ ಅಯೋಡಿನ್ ಹೀರಿಕೊಂಡು ಟಿ3, ಟಿ4 ಹಾರ್ಮೋನು ತಯಾರಿಸುವುದು. ಅವುಗಳ ನಡುವೆ ಅಲ್ಲಲ್ಲಿ, ಹೆಚ್ಚಾಗಿ ಎರಡೂ ರೆಕ್ಕೆಗಳ ಮೇಲ್ಭಾಗದಲ್ಲಿ, ಸಿ ಕೋಶಗಳೆಂಬ ಇನ್ನೊಂದು ಜಾತಿಯವು ಇರುತ್ತವೆ. ಅವಕ್ಕೆ ಅಯೋಡಿನ್ ಬೇಕಿಲ್ಲ. ಅವು ಸ್ರವಿಸುವುದು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು. ಮೆಡ್ಯುಲರಿ ಕ್ಯಾನ್ಸರ್ ಹುಟ್ಟುವುದು ಈ ಸಿ ಕೋಶಗಳಲ್ಲಿ.

ಇಷ್ಟು ಅರ್ಥವಾದರೆ ಅಕ್ಕನ ರಿಪೋರ್ಟ್ ಏಕೆ ನಾರ್ಮಲ್ ಬಂತು ಎಂಬುದು ಅರ್ಥವಾಗುತ್ತದೆ. ಟಿಎಸ್‌ಎಚ್ ಪರೀಕ್ಷೆ ಮೊದಲ ಬಗೆಯ ಕೋಶಗಳು ಕೆಲಸ ಮಾಡುತ್ತಿವೆಯೇ ಎಂದು ನೋಡುತ್ತದೆ. ಸಿ ಕೋಶಗಳ ಸುದ್ದಿಯೇ ಅದರಲ್ಲಿಲ್ಲ. ಗಡ್ಡೆ ಬೆಳೆಯುತ್ತಿದ್ದರೂ ಟಿಎಸ್‌ಎಚ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಈ ಲೇಖನದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಥೈರಾಯ್ಡ್ ರಕ್ತಪರೀಕ್ಷೆ ನಾರ್ಮಲ್ ಎಂದರೆ ಗಂಟೂ ನಾರ್ಮಲ್ ಎಂದಲ್ಲ. ಗಂಟಿಗೆ ಬೇಕಾದದ್ದು ಸ್ಕ್ಯಾನಿಂಗ್.

ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಮೆಡ್ಯುಲರಿಯದು ಸಣ್ಣ ಪಾಲು, ನೂರಕ್ಕೆ ಐದಕ್ಕಿಂತ ಕಡಿಮೆ. ಇದು ಬೇರೆಯದೇ ಕಾಯಿಲೆ ಎಂದು 1959ರಲ್ಲಿ ಗುರುತಿಸಿ ಹೆಸರಿಟ್ಟವರು ಅಮೆರಿಕದ ವೈದ್ಯರಾದ ಹಜಾರ್ಡ್, ಹಾಕ್ ಮತ್ತು ಕ್ರೈಲ್. ಕುತ್ತಿಗೆಯ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರೇ ಅಲ್ಲ. ಹಾಗಾಗಿ ಗಂಟು ಕಂಡ ಕೂಡಲೇ ಎದೆಗುಂದಬೇಕಿಲ್ಲ. ಆದರೆ ಗಂಟಿನ ಜೊತೆಗೆ ಇವುಗಳಲ್ಲಿ ಯಾವುದಾದರೂ ಇದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ: ಕಾರಣ ಸಿಗದ ದೀರ್ಘಕಾಲದ ಭೇದಿ, ಮುಖ ಇದ್ದಕ್ಕಿದ್ದಂತೆ ಕೆಂಪೇರಿ ಬಿಸಿಯಾಗುವುದು, ಕುತ್ತಿಗೆಯ ಪಕ್ಕದಲ್ಲಿ ಇನ್ನೊಂದು ಗಂಟು, ವಾರಗಟ್ಟಲೆ ಸರಿಹೋಗದ ಧ್ವನಿ ಒಡಕು, ನುಂಗಲು ತೊಂದರೆ. ಭೇದಿ ಬರುವುದು ಗಡ್ಡೆ ರಕ್ತಕ್ಕೆ ಸುರಿಯುವ ಕ್ಯಾಲ್ಸಿಟೋನಿನ್ ಮತ್ತಿತರ ರಾಸಾಯನಿಕಗಳಿಂದ. ಅದು ಸಾಮಾನ್ಯವಾಗಿ ಕಾಯಿಲೆ ಮುಂದುವರಿದಾಗಿನ ಲಕ್ಷಣ. ಅಕ್ಕನ ವಿಷಯದಲ್ಲಿ ನಾವು ಕಳೆದುಕೊಂಡ ಒಂದೂವರೆ ವರ್ಷದ ಬೆಲೆ ನನಗೆ ಅಲ್ಲಿ ಗೊತ್ತಾಯಿತು.

ಸೂಜಿ, ಮಂಜುಗಡ್ಡೆ ಮತ್ತು ಒಂದು ಸಂಖ್ಯೆ

ಸ್ಕ್ಯಾನಿಂಗ್‌ನಲ್ಲಿ ಗಂಟು ಅನುಮಾನ ತಂದರೆ ಮುಂದಿನದು ಎಫ್‌ಎನ್‌ಎಸಿ, ಅಂದರೆ ಸೂಜಿ ಪರೀಕ್ಷೆ. ಹೆಸರು ಕೇಳಿ ಹೆದರುವವರೇ ಹೆಚ್ಚು. ಅಕ್ಕನ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆ ಹಿಂದಕ್ಕೆ ಬಾಗುವಂತೆ ಮಲಗಿಸಿದರು. ಸ್ಕ್ಯಾನಿಂಗ್ ಪರದೆ ನೋಡುತ್ತಾ, ರಕ್ತ ತೆಗೆಯುವುದಕ್ಕಿಂತ ಸಪೂರ ಸೂಜಿಯನ್ನು ಗಂಟಿನೊಳಗೆ ಇಳಿಸಿ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿದರು. "ಈಗ ಉಗುಳು ನುಂಗಬೇಡಿ, ಮಾತಾಡಬೇಡಿ" ಎಂದಷ್ಟೇ ಹೇಳಿದರು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ ಇನ್ನೊಂದು ಪಟ್ಟಿಯಿಂದ ಸವರಿದರು. ಅಷ್ಟೇ. ಐದು ನಿಮಿಷ ಕುತ್ತಿಗೆಗೆ ಹತ್ತಿ ಒತ್ತಿ ಹಿಡಿದುಕೊಂಡು ಹೊರಗೆ ಬಂದಳು. ಕ್ಯಾನ್ಸರ್ ಗಡ್ಡೆಗೆ ಸೂಜಿ ತಾಗಿಸಿದರೆ ಹರಡುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಬಹಳ ಓಡಾಡುತ್ತದೆ. ಆ ಹೆದರಿಕೆಯಿಂದ ಈ ಪರೀಕ್ಷೆ ಬಿಡಬೇಡಿ. ಬಿಟ್ಟರೆ ಆಗುವ ನಷ್ಟವೇ ದೊಡ್ಡದು.

ಆದರೆ ಸೂಜಿ ಪರೀಕ್ಷೆಯೂ ಇಲ್ಲಿ ಪೂರ್ತಿ ನಂಬುವಂಥದ್ದಲ್ಲ. ಮೆಡ್ಯುಲರಿ ಕೋಶಗಳು ಸೂಕ್ಷ್ಮದರ್ಶಕದಡಿ ಹಲವು ವೇಷ ಹಾಕುತ್ತವೆ. ಕೆಲವೊಮ್ಮೆ ಬೇರೆ ಗಡ್ಡೆಯಂತೆ ಕಂಡು ಮೋಸಮಾಡುತ್ತವೆ. ಆದ್ದರಿಂದ ಅನುಮಾನವಿದ್ದರೆ ಅನುಭವಿ ವೈದ್ಯರು ಇನ್ನೆರಡು ಕೆಲಸ ಮಾಡಿಸುತ್ತಾರೆ. ಆ ಸೂಜಿಯನ್ನು ಉಪ್ಪುನೀರಿನ ದ್ರಾವಣದಲ್ಲಿ ತೊಳೆದು ಆ ನೀರಿನಲ್ಲೇ ಕ್ಯಾಲ್ಸಿಟೋನಿನ್ ಇದೆಯೇ ಎಂದು ನೋಡುವುದು ಒಂದು. ಮಾದರಿಗೆ ವಿಶೇಷ ಬಣ್ಣ ಹಾಕಿ, ಕೋಶಗಳು ಕ್ಯಾಲ್ಸಿಟೋನಿನ್ ಮತ್ತು ನ್ಯೂರೋಎಂಡೋಕ್ರೈನ್ ಕೋಶಗಳ ಗುರುತಾದ ಕ್ರೋಮೋಗ್ರಾನಿನ್‌ಗೆ ಬಣ್ಣ ಹಿಡಿಯುತ್ತವೆಯೇ, ಮೊದಲ ಬಗೆಯ ಕೋಶಗಳ ಗುರುತಾದ ಥೈರೋಗ್ಲೋಬುಲಿನ್‌ಗೆ ಹಿಡಿಯದೆ ಉಳಿಯುತ್ತವೆಯೇ ಎಂದು ಪರೀಕ್ಷಿಸುವುದು ಇನ್ನೊಂದು. ಹಾಗೆ ಕಂಡರೆ ಮೆಡ್ಯುಲರಿ ಎಂಬುದು ಬಹುತೇಕ ಖಚಿತ.

ಇದರ ಜೊತೆ ರಕ್ತದಲ್ಲಿ ಕ್ಯಾಲ್ಸಿಟೋನಿನ್ ಮತ್ತು ಸಿಇಎ ಎಂಬ ಇನ್ನೊಂದು ಗಡ್ಡೆಸೂಚಕ ನೋಡಬೇಕು. ಕ್ಯಾಲ್ಸಿಟೋನಿನ್ ಬೇಗ ಕೆಡುವ ಹಾರ್ಮೋನು. ರಕ್ತ ತೆಗೆದ ನಳಿಕೆಯನ್ನು ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಬೇಗನೆ ಬೇರ್ಪಡಿಸಬೇಕು. ಅಕ್ಕನ ರಕ್ತ ತೆಗೆದ ಹುಡುಗಿ ಸ್ಟೀಲ್ ಬಟ್ಟಲಿನಲ್ಲಿ ಐಸ್ ತಂದಿಟ್ಟುಕೊಂಡೇ ಸೂಜಿ ಹಿಡಿದಳು. ಚಿಕ್ಕ ಊರಿನ ಸಂಗ್ರಹ ಕೇಂದ್ರದಲ್ಲಿ ರಕ್ತ ಕೊಡುವುದಾದರೆ "ಐಸ್‌ನಲ್ಲಿ ಕಳಿಸುತ್ತೀರಾ?" ಎಂದು ಕೇಳಲು ಸಂಕೋಚ ಬೇಡ. ಕೂದಲು ಬೆಳೆಯಲೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಅದು ಕೆಲವು ಬಗೆಯ ಹಾರ್ಮೋನು ಪರೀಕ್ಷೆಗಳ ಲೆಕ್ಕ ತಪ್ಪಿಸುತ್ತದೆ. ಅಸಿಡಿಟಿಗೆ ದಿನನಿತ್ಯ ತೆಗೆದುಕೊಳ್ಳುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳು, ಮೂತ್ರಪಿಂಡದ ವೈಫಲ್ಯ, ಧೂಮಪಾನ ಇವೂ ಕ್ಯಾಲ್ಸಿಟೋನಿನ್ ಅನ್ನು ಸ್ವಲ್ಪ ಏರಿಸಬಲ್ಲವು. ಆದ್ದರಿಂದ ಸಂಖ್ಯೆ ತುಸು ಹೆಚ್ಚಿದ್ದಕ್ಕೇ ಕ್ಯಾನ್ಸರ್ ಎಂದು ತೀರ್ಮಾನಿಸಬಾರದು. ಒಂದು ಮಿಲಿಲೀಟರ್‌ಗೆ 500 ಪಿಕೋಗ್ರಾಂ ದಾಟಿದರೆ ಕಾಯಿಲೆ ಕುತ್ತಿಗೆ ಬಿಟ್ಟು ಹೊರಗೆ ಹೋಗಿರಬಹುದೆಂದು ಎದೆ, ಯಕೃತ್ತು, ಮೂಳೆಗಳನ್ನು ಸಿಟಿ ಮತ್ತಿತರ ಸ್ಕ್ಯಾನ್‌ಗಳಲ್ಲಿ ಹುಡುಕುತ್ತಾರೆ.

ಆಪರೇಷನ್ ಟೇಬಲ್‌ಗೆ ಮುಂಚೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಇದು ಜೀವ ಉಳಿಸುವ ವಿಷಯ.

ಮೆಡ್ಯುಲರಿ ಕ್ಯಾನ್ಸರ್ ಬಂದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅದು ವಂಶದಿಂದ ಬಂದಿರುತ್ತದೆ. ರೆಟ್ ಎಂಬ ವಂಶವಾಹಿಯಲ್ಲಿ ಆಗುವ ದೋಷವೇ ಇದಕ್ಕೆ ಮೂಲ ಎಂದು 1993ರಲ್ಲಿ ಗೊತ್ತಾಯಿತು. ಈ ದೋಷ ಇರುವವರಲ್ಲಿ ಥೈರಾಯ್ಡ್ ಜೊತೆಗೆ ಇನ್ನೂ ಕೆಲವು ಗ್ರಂಥಿಗಳು ಕೆಡುತ್ತವೆ. ಇದಕ್ಕೆ ಎಂಇಎನ್ 2 ಎನ್ನುತ್ತಾರೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮ ಎಂಬ ಗಡ್ಡೆ ಬೆಳೆಯಬಹುದು. ಈ ಎರಡು ಗಡ್ಡೆಗಳ ನಂಟನ್ನು 1961ರಲ್ಲಿ ಎತ್ತಿ ತೋರಿಸಿದವರು ಜಾನ್ ಸಿಪಲ್ ಎಂಬ ವೈದ್ಯರು. ಅಡ್ರಿನಲ್ ಗಡ್ಡೆ ಇರುವುದು ತಿಳಿಯದೆ ಕುತ್ತಿಗೆಯ ಆಪರೇಷನ್‌ಗೆ ಅರಿವಳಿಕೆ ಕೊಟ್ಟರೆ ಬಿ.ಪಿ. ಹಠಾತ್ತನೆ ಗಗನಕ್ಕೇರಿ ಟೇಬಲ್ ಮೇಲೆಯೇ ಜೀವ ಹೋಗಬಹುದು. ಆದ್ದರಿಂದ ಮೆಡ್ಯುಲರಿ ಎಂದು ಗೊತ್ತಾದ ಪ್ರತಿಯೊಬ್ಬರಿಗೂ ಆಪರೇಷನ್‌ಗೆ ಮೊದಲು ಈ ಅಡ್ರಿನಲ್ ಗಡ್ಡೆಯನ್ನು ಪತ್ತೆಹಚ್ಚುವ, ರಕ್ತದ ಅಥವಾ 24 ಗಂಟೆಯ ಮೂತ್ರದ ಮೆಟಾನೆಫ್ರಿನ್ ಪರೀಕ್ಷೆ ಆಗಲೇಬೇಕು. ರೆಟ್ ದೋಷ ಇಲ್ಲವೆಂದು ಮೊದಲೇ ಖಚಿತವಾಗಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಗಡ್ಡೆ ಸಿಕ್ಕರೆ, ಬಿ.ಪಿ. ಹತೋಟಿಗೆ ತರುವ ಮಾತ್ರೆ ಕೊಟ್ಟು ಮೊದಲು ಅದನ್ನು ತೆಗೆದು ಆಮೇಲೆ ಥೈರಾಯ್ಡ್‌ಗೆ ಕೈಹಾಕುತ್ತಾರೆ. ರಕ್ತದ ಕ್ಯಾಲ್ಸಿಯಂ ಕೂಡ ನೋಡಬೇಕು, ಏಕೆಂದರೆ ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಇದೇ ಕಾಯಿಲೆಯಲ್ಲಿ ಉಬ್ಬಬಹುದು. ಕೆಲವರಿಗೆ ಕಿಡ್ನಿ ಕಲ್ಲು ಬರುವುದು ಅದರಿಂದಲೇ.

ಡಾಕ್ಟರ ಮುಂದೆ ಕೂತಾಗ ಅವರು ಕೇಳದಿದ್ದರೂ ನೀವೇ ಹೇಳಬೇಕಾದ ಕುಟುಂಬದ ಸಂಗತಿಗಳಿವೆ. ಮನೆಯಲ್ಲಿ ಯಾರಿಗಾದರೂ ಕುತ್ತಿಗೆ ಆಪರೇಷನ್ ಆಗಿತ್ತೇ? ಚಿಕ್ಕ ವಯಸ್ಸಿನಲ್ಲೇ ಬಿ.ಪಿ., ಅದರ ಜೊತೆ ತಲೆನೋವು, ಎದೆ ಢವಢವ, ಬೆವರು ಇದ್ದವೇ? ಆಪರೇಷನ್ ಅಥವಾ ಹೆರಿಗೆಯ ವೇಳೆ ಇದ್ದಕ್ಕಿದ್ದಂತೆ ತೀರಿಕೊಂಡವರು ಇದ್ದಾರೆಯೇ? ಬೆನ್ನಿನ ಮೇಲ್ಭಾಗದಲ್ಲಿ ಎರಡು ಭುಜಗಳ ನಡುವೆ ವರ್ಷಗಟ್ಟಲೆ ತುರಿಸುವ ಕಪ್ಪು ಮಚ್ಚೆ ಯಾರಿಗಾದರೂ ಇದೆಯೇ? ಕೊನೆಯದು ವಿಚಿತ್ರವೆನಿಸಬಹುದು. ಅಂಥ ಮಚ್ಚೆ ಬೇರೆ ಕಾರಣಗಳಿಂದಲೂ ಬರುತ್ತದೆ. ಆದರೆ ಒಂದು ಬಗೆಯ ರೆಟ್ ದೋಷದಲ್ಲಿ ಅದು ಕ್ಯಾನ್ಸರ್‌ಗಿಂತ ಎಷ್ಟೋ ಮುಂಚೆ ಕಾಣಿಸಿಕೊಳ್ಳುವ ಸುಳಿವು. ಎಂಇಎನ್ 2ಬಿ ಎಂಬ ಉಗ್ರ ರೂಪದಲ್ಲಿ ಮಕ್ಕಳ ತುಟಿ, ನಾಲಿಗೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ, ಕೈಕಾಲು ಸಪೂರವಾಗಿ ಉದ್ದವಿರುತ್ತವೆ. ಹಸುಗೂಸಾಗಿದ್ದಾಗಲೇ ಮಲಬದ್ಧತೆ ಕಾಡುತ್ತದೆ, ಅಳುವಾಗ ಕಣ್ಣೀರು ಬರುವುದಿಲ್ಲ.

ಚಿಕಿತ್ಸೆ

ಮುಖ್ಯ ಚಿಕಿತ್ಸೆ ಆಪರೇಷನ್. ಇಡೀ ಥೈರಾಯ್ಡ್ ಗ್ರಂಥಿಯನ್ನೂ ಅದರ ಸುತ್ತಲಿನ, ಕುತ್ತಿಗೆಯ ನಡುಭಾಗದ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಪಕ್ಕಕ್ಕೆ ಹರಡಿದ್ದರೆ ಅಲ್ಲಿಯದನ್ನೂ ತೆಗೆಯಬೇಕಾಗುತ್ತದೆ. ಈ ಕಾಯಿಲೆಯಲ್ಲಿ ಮೊದಲ ಆಪರೇಷನ್ನೇ ಮುಖ್ಯ. ಅದು ಅರ್ಧಂಬರ್ಧ ಆದರೆ ಎರಡನೆಯ ಸಲ ಅದೇ ಜಾಗವನ್ನು ಮತ್ತೆ ಬಿಡಿಸುವುದು ಬಹಳ ಕಷ್ಟ. ಧ್ವನಿಯ ನರ ಮತ್ತು ಪ್ಯಾರಾಥೈರಾಯ್ಡ್ ಗ್ರಂಥಿಗಳು ಎರಡೂ ಅಲ್ಲೇ ಅಂಟಿಕೊಂಡಿರುತ್ತವೆ. ಅದಕ್ಕೇ ನನ್ನ ಸಲಹೆ ಖಚಿತ: ಥೈರಾಯ್ಡ್ ಕ್ಯಾನ್ಸರ್ ಆಪರೇಷನ್‌ಗಳನ್ನು ನಿತ್ಯ ಮಾಡುವ ಸರ್ಜನ್ ಬಳಿಗೇ ಹೋಗಿ. ಬೆಂಗಳೂರಿನ ಕಿದ್ವಾಯಿ, ವೆಲ್ಲೂರಿನ ಸಿಎಂಸಿ, ಮುಂಬೈನ ಟಾಟಾ ಮೆಮೋರಿಯಲ್, ಲಖನೌದ ಎಸ್‌ಜಿಪಿಜಿಐಯಂಥ ದೊಡ್ಡ ಕೇಂದ್ರಗಳಲ್ಲಿ ಸರ್ಜನ್, ಹಾರ್ಮೋನು ತಜ್ಞರು, ಪೆಥಾಲಜಿಸ್ಟ್ ಒಂದೇ ಸೂರಿನಡಿ ಸಿಗುತ್ತಾರೆ. ಒಂದೆರಡು ವಾರ ತಡವಾದರೂ ಅಂಥ ಕಡೆ ಹೋಗುವುದೇ ಸರಿ.

ನಮ್ಮ ನೆಂಟರೊಬ್ಬರು ಅಕ್ಕನನ್ನು ನೋಡಲು ಬಂದವರು, "ಅಯೋಡಿನ್ ಕುಡಿಸಿ ರೂಮಿನಲ್ಲಿ ಒಂಟಿಯಾಗಿ ಇಡುತ್ತಾರಲ್ಲ, ಅದಾಯ್ತಾ?" ಎಂದು ಕೇಳಿದರು. ಅದು ಥೈರಾಯ್ಡ್‌ನ ಬೇರೆ ಕ್ಯಾನ್ಸರ್‌ಗಳಿಗೆ ಕೊಡುವ ವಿಕಿರಣ ಅಯೋಡಿನ್ ಚಿಕಿತ್ಸೆ. ಸಿ ಕೋಶಗಳು ಅಯೋಡಿನ್ ಹೀರುವುದಿಲ್ಲವಾದ್ದರಿಂದ ಮೆಡ್ಯುಲರಿಗೆ ಅದರಿಂದ ಪ್ರಯೋಜನವಿಲ್ಲ. ಯಾರಾದರೂ ಅದನ್ನು ಸೂಚಿಸಿದರೆ ಏಕೆಂದು ಕೇಳಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಉಪ್ಪು ಬದಲಿಸಿದರೆ, ಕೋಸು ಬಿಟ್ಟರೆ ಈ ಗಡ್ಡೆ ಕರಗುವುದೂ ಇಲ್ಲ.

ಆಪರೇಷನ್ ಆದ ಮರುದಿನ, ಅದರ ಮಾರನೆಯ ದಿನ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮ್ಮೆಂದರೆ ಸುಮ್ಮನಿರಬೇಡಿ. ಕ್ಯಾಲ್ಸಿಯಂ ಇಳಿಯುತ್ತಿದೆ ಎಂಬ ಸೂಚನೆ ಅದು. ನರ್ಸ್‌ಗೆ ಕೂಡಲೇ ಹೇಳಿ. ಮನೆಗೆ ಬಂದ ಮೇಲೂ ಹಾಗಾದರೆ ಆಸ್ಪತ್ರೆಗೆ ಫೋನ್ ಮಾಡಿ. ಥೈರಾಕ್ಸಿನ್ ಮಾತ್ರೆ ಇನ್ನು ಜೀವಮಾನವಿಡೀ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಬೇರೆ ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಮಾಡುವಂತೆ ಇಲ್ಲಿ ಟಿಎಸ್‌ಎಚ್ ಅನ್ನು ತೀರಾ ಕೆಳಗಿಳಿಸಬೇಕಿಲ್ಲ, ನಾರ್ಮಲ್ ಇದ್ದರೆ ಸಾಕು.

ಮೂರು ತಿಂಗಳ ನಂತರ ಕ್ಯಾಲ್ಸಿಟೋನಿನ್ ಮತ್ತು ಸಿಇಎ ಮತ್ತೆ ನೋಡುತ್ತಾರೆ. ಕ್ಯಾಲ್ಸಿಟೋನಿನ್ ಪತ್ತೆಯಾಗದಷ್ಟು ಇಳಿದಿದ್ದರೆ ಒಳ್ಳೆಯ ಸುದ್ದಿ. ಇಳಿದರೂ ಸೊನ್ನೆಗೆ ಬಾರದಿದ್ದರೆ ಗಾಬರಿಯಾಗಬೇಡಿ, ಅಕ್ಕನದೂ ಬಂದಿಲ್ಲ. ಇಲ್ಲಿ ಮುಖ್ಯ ಸಂಖ್ಯೆಯಲ್ಲ, ಅದು ಎಷ್ಟು ಬೇಗ ಎರಡರಷ್ಟಾಗುತ್ತದೆ ಎಂಬುದು. ಆರು ತಿಂಗಳೊಳಗೆ ಎರಡರಷ್ಟಾದರೆ ಕಾಯಿಲೆ ವೇಗವಾಗಿದೆ, ಎರಡು ವರ್ಷಕ್ಕಿಂತ ಹೆಚ್ಚು ಹಿಡಿದರೆ ನಿಧಾನ. ಸ್ಕ್ಯಾನ್‌ನಲ್ಲಿ ಏನೂ ಕಾಣದೆ ಬರೀ ಸಂಖ್ಯೆ ಮಾತ್ರ ಏರಿರುವವರು ಔಷಧಿಯಿಲ್ಲದೆ ವರ್ಷಗಟ್ಟಲೆ ದಿನನಿತ್ಯದ ಕೆಲಸ ಮಾಡಿಕೊಂಡಿರುತ್ತಾರೆ. ಪ್ರತಿ ಸಲವೂ ಒಂದೇ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಲ್ಯಾಬ್ ಬದಲಾದರೆ ವಿಧಾನ ಬದಲಾಗಿ ಹೋಲಿಕೆ ತಪ್ಪುತ್ತದೆ.

ಹರಡಿ ಬೆಳೆಯುತ್ತಿರುವ ಕಾಯಿಲೆಗೂ ಈಗ ಮದ್ದಿದೆ. ಮಾಮೂಲಿ ಕೀಮೋ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ವ್ಯಾಂಡೆಟನಿಬ್‌ಗೆ 2011ರಲ್ಲಿ, ಕ್ಯಾಬೋಜಾಂಟಿನಿಬ್‌ಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರೆಟ್ ದೋಷಕ್ಕೇ ಗುರಿಯಿಡುವ ಸೆಲ್ಪರ್‌ಕ್ಯಾಟಿನಿಬ್ 2020ರಲ್ಲಿ ಬಂತು. ಇವು ಮಾತ್ರೆ ಅಥವಾ ಕ್ಯಾಪ್ಸೂಲ್‌ಗಳು. ಇವು ಗಡ್ಡೆಯನ್ನು ಕುಗ್ಗಿಸಬಹುದು, ತಡೆದು ನಿಲ್ಲಿಸಬಹುದು, ಆದರೆ ಬೇರುಸಹಿತ ಕೀಳುವುದಿಲ್ಲ. ಬಿ.ಪಿ. ಏರುವುದು, ಭೇದಿ, ಹೃದಯ ಬಡಿತದ ಲಯ ತಪ್ಪುವುದು ಇಂಥ ಅಡ್ಡಪರಿಣಾಮಗಳಿಗೆ ಆಗಾಗ ಇಸಿಜಿ, ರಕ್ತಪರೀಕ್ಷೆ ಬೇಕು. ಸೆಲ್ಪರ್‌ಕ್ಯಾಟಿನಿಬ್‌ನಂಥದ್ದಕ್ಕೆ ಮೊದಲು ಗಡ್ಡೆಯಲ್ಲಿ ರೆಟ್ ದೋಷವಿದೆಯೇ ಎಂಬ ಪರೀಕ್ಷೆ ಆಗಬೇಕು. ಆದ್ದರಿಂದ ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರುಗಳಿರುವ ಮೇಣದ ಬಿಲ್ಲೆಗಳನ್ನು (ಬ್ಲಾಕ್) ಆಸ್ಪತ್ರೆಯಿಂದ ಪಡೆದು ಜೋಪಾನವಾಗಿಡಿ. ಈ ಔಷಧಿಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ಎಟುಕುವಂಥದ್ದಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಬಳಿ ಕಂಪನಿಯ ನೆರವಿನ ಯೋಜನೆ ಇದೆಯೇ ಎಂದು ವಿಚಾರಿಸಿ. ಆಪರೇಷನ್ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ ಒಂದೂವರೆ ಲಕ್ಷದವರೆಗೆ ನೆರವಿದೆ.

ಇದು ಒಬ್ಬರ ಕಾಯಿಲೆಯಲ್ಲ

ಮೆಡ್ಯುಲರಿ ಎಂದು ಗೊತ್ತಾದ ಎಲ್ಲರಿಗೂ, ವಯಸ್ಸು ಎಷ್ಟೇ ಇರಲಿ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿರಲಿ, ರಕ್ತದಲ್ಲಿ ರೆಟ್ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನಲ್ಲೇ ಇದನ್ನು ಮಾಡುವ ಲ್ಯಾಬ್‌ಗಳಿವೆ. ಬೇಕಾದದ್ದು ಸ್ವಲ್ಪ ರಕ್ತ, ಅದೂ ಜೀವಮಾನದಲ್ಲಿ ಒಂದೇ ಸಲ. ದೋಷ ಇದ್ದರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಗಂಡಾಗಲಿ ಹೆಣ್ಣಾಗಲಿ ಲೆಕ್ಕ ಒಂದೇ. ಅಕ್ಕ ಮದುವೆಯಾದದ್ದು ಸೋದರಮಾವನನ್ನು. ಅದರಿಂದಲೇ ಈ ಕಾಯಿಲೆ ಬಂತೆಂದು ಮನೆಯ ಹಿರಿಯರು ಕೊರಗಿದರು. ಅದು ತಪ್ಪು. ಈ ದೋಷ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೇ ಸಾಕು, ರಕ್ತಸಂಬಂಧದ ಮದುವೆ ಇದಕ್ಕೆ ಕಾರಣವಲ್ಲ. ಕೆಲವರಲ್ಲಿ ತಂದೆತಾಯಿ ಇಬ್ಬರಲ್ಲೂ ಇಲ್ಲದೆ ಹೊಸದಾಗಿಯೂ ಹುಟ್ಟುತ್ತದೆ.

ಪರೀಕ್ಷೆಯಲ್ಲಿ ದೋಷ ಇಲ್ಲವೆಂದು ಬಂದ ಮಗು ಆ ದಿನದಿಂದಲೇ ಈ ಚಿಂತೆಯಿಂದ ಮುಕ್ತ. ಇದೆ ಎಂದು ಬಂದರೆ ಕ್ಯಾನ್ಸರ್ ಹುಟ್ಟುವ ಮೊದಲೇ, ಅಥವಾ ಎಳೆಯದಿರುವಾಗಲೇ ಗ್ರಂಥಿ ತೆಗೆದು ಮಗುವನ್ನು ಕಾಪಾಡಬಹುದು. ಯಾವಾಗ ತೆಗೆಯಬೇಕೆಂಬುದನ್ನು ದೋಷ ವಂಶವಾಹಿಯ ಯಾವ ಜಾಗದಲ್ಲಿದೆ ಎಂಬುದು ಹೇಳುತ್ತದೆ. 918ನೇ ಜಾಗದ ಅತಿ ಉಗ್ರ ದೋಷವಾದರೆ ಮೊದಲ ವರ್ಷದೊಳಗೆ, 634ನೇ ಜಾಗದ್ದಾದರೆ ಐದು ವರ್ಷದೊಳಗೆ. ಸೌಮ್ಯ ದೋಷಗಳಲ್ಲಿ ಕ್ಯಾಲ್ಸಿಟೋನಿನ್ ನೋಡಿಕೊಂಡು ಕಾಯಬಹುದು. ಅಮೆರಿಕದ ದಾಖಲೆಗಳ ಪ್ರಕಾರ ಕಾಯಿಲೆ ಗ್ರಂಥಿಯೊಳಗೇ ಇದ್ದಾಗ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 95 ಮಂದಿ ಹತ್ತು ವರ್ಷದ ಮೇಲೂ ಬದುಕಿದ್ದಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದವರಲ್ಲಿ ಸುಮಾರು 40.

ಅಕ್ಕನ ರೆಟ್ ಪರೀಕ್ಷೆಯಲ್ಲಿ ದೋಷ ಕಂಡಿತು. ಆಗ ಅವಳು ಕೇಳಿದ ಮೊದಲ ಮಾತು, "ಇದು ಹೊರಗೆ ಗೊತ್ತಾದರೆ ಮಗಳಿಗೆ ಗಂಡು ಸಿಗುತ್ತದೇನೋ?" ನಮ್ಮ ಸಮಾಜದಲ್ಲಿ ಅದು ನಿಜವಾದ ಭಯ, ಅದನ್ನು ಹಗುರ ಮಾಡಿ ಮಾತಾಡುವ ಹಕ್ಕು ನನಗಿಲ್ಲ. ಆದರೂ ಅವಳು ಇಬ್ಬರು ಮಕ್ಕಳನ್ನೂ ಕರೆತಂದು ರಕ್ತ ಕೊಡಿಸಿದಳು. ಮಗನಿಗೆ ಇರಲಿಲ್ಲ. ಹನ್ನೊಂದು ವರ್ಷದ ಮಗಳಿಗೆ ಇತ್ತು. ಆಪರೇಷನ್ ಆಯಿತು. ಗ್ರಂಥಿಯಲ್ಲಿ ಸಿಕ್ಕದ್ದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಡ್ಡೆ. ಈಗ ಹುಡುಗಿಗೆ ಬೆಳಿಗ್ಗೆ ಒಂದು ಮಾತ್ರೆ, ವರ್ಷಕ್ಕೊಮ್ಮೆ ಕ್ಯಾಲ್ಸಿಟೋನಿನ್, ಮೆಟಾನೆಫ್ರಿನ್ ಮತ್ತು ಕ್ಯಾಲ್ಸಿಯಂ ಪರೀಕ್ಷೆ. ಉಳಿದಂತೆ ಶಾಲೆಯ ಥ್ರೋಬಾಲ್ ತಂಡದಲ್ಲಿದ್ದಾಳೆ.

ಇನ್ನೊಂದು ಎಚ್ಚರಿಕೆ ಈಗ ಅಗತ್ಯವಾಗಿದೆ. ತೂಕ ಇಳಿಸಲು, ಸಕ್ಕರೆ ಕಾಯಿಲೆಗೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು ನಮ್ಮ ಊರುಗಳಲ್ಲೂ ಸಿಗುತ್ತಿವೆ. ತಮಗಾಗಲಿ ಮನೆಯವರಿಗಾಗಲಿ ಮೆಡ್ಯುಲರಿ ಕ್ಯಾನ್ಸರ್ ಬಂದಿದ್ದರೆ, ಎಂಇಎನ್ 2 ಇದ್ದರೆ, ಇವನ್ನು ತೆಗೆದುಕೊಳ್ಳಬಾರದು. ಔಷಧಿಯ ಜೊತೆ ಬರುವ ಮಾಹಿತಿ ಪತ್ರದಲ್ಲೇ ಆ ಎಚ್ಚರಿಕೆ ಇರುತ್ತದೆ. ಕೊಡುವವರಿಗೆ ನಿಮ್ಮ ಮನೆತನದ ಇತಿಹಾಸ ಗೊತ್ತಿರುವುದಿಲ್ಲ. ನೀವೇ ಹೇಳಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ, ಎಷ್ಟೇ ವರ್ಷದ ಹಿಂದಾಗಲಿ, ಥೈರಾಯ್ಡ್ ಗಡ್ಡೆಯ ಆಪರೇಷನ್ ಆಗಿದ್ದರೆ ಬೀರುವಿನ ಮೇಲಿರುವ ಆ ಹಳೆಯ ಫೈಲನ್ನು ಈ ವಾರ ಕೆಳಗಿಳಿಸಿ. ಬಯಾಪ್ಸಿ ರಿಪೋರ್ಟಿನಲ್ಲಿ ಮೆಡ್ಯುಲರಿ ಎಂಬ ಪದ ಇದೆಯೇ ನೋಡಿ. ಇದ್ದು, ರೆಟ್ ಪರೀಕ್ಷೆ ಆಗಿರದಿದ್ದರೆ, ಅವರು ಈಗ ನಮ್ಮ ನಡುವೆ ಇಲ್ಲದಿದ್ದರೂ ಸರಿ, ಅವರ ಮಕ್ಕಳನ್ನೂ ಒಡಹುಟ್ಟಿದವರನ್ನೂ ಕರೆದುಕೊಂಡು ಆ ಫೈಲಿನೊಂದಿಗೆ ಹಾರ್ಮೋನು ತಜ್ಞರ ಬಳಿಗೆ ಹೋಗಿ.